ಪಡಿಯ ಪರೀಕ್ಷೆ

ಚಿತ್ರದುರ್ಗದ ಕೋಟೆಯ ಮೇಲೆ ನಿಂತು ಜೂನ್ ತಿಂಗಳಿನಲ್ಲಿ ಪಶ್ಚಿಮದ ಕಡೆಗೆ ನೋಡಿದರೆ ಮೋಡಗಳು ಸಾಲುಸಾಲಾಗಿ ಬರುವುದು ಕಾಣುತ್ತದೆ. ಆದರೆ ಬಂದ ಮೋಡಗಳೆಲ್ಲ ಮಳೆಯಾಗುವುದಿಲ್ಲ. ಸಹ್ಯಾದ್ರಿಯ ಮೇಲೆ ತಮ್ಮ ಹೊರೆಯನ್ನು ಇಳಿಸಿ ಬಂದ ಅವು ಈ ಬಯಲನ್ನು ದಾಟಿ ಮುಂದೆ ಸಾಗಿಬಿಡುತ್ತವೆ. ಹೊಳಲ್ಕೆರೆ, ಹೊಸದುರ್ಗಗಳ ಕಡೆ ಅಡಕೆ ತೆಂಗುಗಳ ಹಸುರು ಒಂದಿಷ್ಟು ಕಂಡರೂ, ಹಿರಿಯೂರಿನತ್ತ ಇಳಿದಂತೆ ನೆಲ ಬಿಳುಪೇರುತ್ತದೆ. ಜಾಲಿಯ ಗಿಡಗಳು ಹೆಚ್ಚುತ್ತವೆ. ರಾಗಿ, ಜೋಳ, ನವಣೆ, ಸಾವೆ ಇವು ಇಲ್ಲಿಯ ಹಳೆಯ ಬೆಳೆಗಳು. ಕಡಿಮೆ ನೀರಿನಲ್ಲಿ ಬದುಕುವುದನ್ನು ಕಲಿತ ಬೆಳೆಗಳಿವು. ಅವುಗಳನ್ನು ಬೆಳೆಯುವ ಜನರೂ ಅಂಥವರೇ. ಹಿರಿಯೂರಿನ ಸಮೀಪ ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿರುವ ವಾಣಿವಿಲಾಸ ಸಾಗರದ ಕತೆಯೊಂದೇ ಈ ನಾಡಿನ ಮಳೆಯ ಸ್ವಭಾವವನ್ನು ತಿಳಿಸಲು ಸಾಕು. 1907ರಲ್ಲಿ ಪೂರ್ಣಗೊಂಡ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತು. ಅನಂತರ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಎಂದರೆ 89 ವರ್ಷಗಳ ಮೇಲೆ.

ಇಂಥ ನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಜನ ಉಣ್ಣುವುದು ಸರ್ಕಾರದ ಪಡಿಯನ್ನು. ಆ ಪಡಿ ಎಷ್ಟಿರಬೇಕು, ಯಾವ ರೂಪದಲ್ಲಿರಬೇಕು, ಅದನ್ನು ಬದಲಾಯಿಸಿದರೆ ಉಂಡವರಿಗೆ ಏನಾಗುತ್ತದೆ, ಏನಾಯಿತೆಂಬುದನ್ನು ಯಾರು ಬರೆದಿಡಬೇಕು ಎಂಬ ಪ್ರಶ್ನೆಗಳು ಕಚೇರಿಯ ಕಾಗದಗಳಿಗೆ ಮಾತ್ರ ಸಂಬಂಧಿಸಿದವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಂದು ಕಾಲದಲ್ಲಿ ಇವೇ ಪ್ರಶ್ನೆಗಳ ಮೇಲೆ ಲಕ್ಷಾಂತರ ಜನರ ಜೀವ ತೂಗಿತ್ತು.

1876 ಮತ್ತು 1877ರ ವರ್ಷಗಳನ್ನು ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಮದರಾಸು, ಮುಂಬಯಿ, ಹೈದರಾಬಾದು, ಮೈಸೂರು ಈ ನಾಲ್ಕು ಪ್ರಾಂತಗಳನ್ನೂ ಅದು ಸುಟ್ಟಿತು. ಅಂದಿನ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಚಿತ್ರದುರ್ಗ ಜಿಲ್ಲೆ ನಗರ ವಿಭಾಗಕ್ಕೆ ಸೇರಿತ್ತು. ಮದರಾಸಿನಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ಧಾನ್ಯ ಬಂದು ಬೀಳುತ್ತಿತ್ತು. ಅಲ್ಲಿಂದ ಮುಂದೆ ಸಾಗಿಸಲು ಎತ್ತಿನ ಗಾಡಿಗಳೇ ಗತಿ. ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ಚಿತ್ರದುರ್ಗದ ಕಡೆಗೆ ಆಗ ರೈಲುಹಾದಿಯೇ ಇರಲಿಲ್ಲ. ಧಾನ್ಯವಿದ್ದೂ ಜನ ಸತ್ತರೆಂಬುದು ಆ ಬರದ ಅತ್ಯಂತ ಕಹಿಯಾದ ಸತ್ಯ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರದಷ್ಟಿತ್ತು. 1881ರ ಗಣತಿಯಲ್ಲಿ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಬೆಳೆಯುವುದಿರಲಿ, ಇದ್ದದ್ದರಲ್ಲಿಯೇ ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆಯಾಗಿತ್ತು.

ಹಸಿದವರಿಗೆ ಅನ್ನ ದೊರೆಯುತ್ತಿದ್ದ ದಾರಿ ಎರಡು. ದುಡಿಯಲು ಶಕ್ತಿಯುಳ್ಳವರು ಕೆರೆಯ ಏರಿ, ರಸ್ತೆ ಮುಂತಾದ ಕಾಮಗಾರಿಗಳಲ್ಲಿ ಕಲ್ಲು ಮಣ್ಣು ಹೊತ್ತು ಕೂಲಿ ಪಡೆಯಬೇಕು. ಶಕ್ತಿಯಿಲ್ಲದವರು ಗಂಜಿಕೇಂದ್ರಕ್ಕೆ ಹೋಗಬೇಕು. ಮದರಾಸು ಪ್ರಾಂತದಲ್ಲಿ ಕಾಮಗಾರಿಯ ಕೂಲಿಗೆ ದಿನಕ್ಕೆ ಒಂದೂವರೆ ಪೌಂಡು, ಎಂದರೆ ಸುಮಾರು 680 ಗ್ರಾಂ ಧಾನ್ಯ ಕೊಳ್ಳುವಷ್ಟು ಕೂಲಿ ನಿಗದಿಯಾಗಿತ್ತು. 1877ರ ಜನವರಿಯಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದನು. ಮೂರು ವರ್ಷಗಳ ಹಿಂದೆ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದವನು ಇವನೇ. ಆದರೆ ಹಣವನ್ನು ದುಂದು ಮಾಡಿದನೆಂಬ ಆಕ್ಷೇಪ ಅವನ ಮೇಲೆ ಬಂದಿತ್ತು. ಆ ಅಪವಾದವನ್ನು ತೊಳೆದುಕೊಳ್ಳುವ ಆತುರವೋ ಏನೋ, ಈ ಬಾರಿ ಅವನು ಕೂಲಿಯನ್ನು ಒಂದು ಪೌಂಡು ಧಾನ್ಯಕ್ಕೆ ಇಳಿಸಲು ಸೂಚಿಸಿದನು. ಅದರ ಮೇಲೆ ಗಂಡಾಳಿಗೆ ಅರ್ಧ ಆಣೆ. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಇಷ್ಟರಲ್ಲಿ ಮನುಷ್ಯ ದುಡಿದು ಬದುಕಬಲ್ಲನೇ ಎಂಬುದನ್ನು ಪ್ರಯೋಗ ಮಾಡಿ ನೋಡಬಹುದೆಂಬುದು ಅವನ ಅಭಿಪ್ರಾಯವಾಗಿತ್ತು.

ಪ್ರಯೋಗವೆಂಬ ಮಾತು ಇಲ್ಲಿ ಗಮನಿಸತಕ್ಕದ್ದು. ಪ್ರಯೋಗವೆಂದ ಮೇಲೆ ಅದಕ್ಕೊಂದು ಫಲಿತಾಂಶವಿರಬೇಕು. ಫಲಿತಾಂಶವನ್ನು ಅಳೆಯುವ ಕ್ರಮವಿರಬೇಕು. ಅಳೆದದ್ದನ್ನು ವರದಿ ಮಾಡುವವರಿರಬೇಕು. ಟೆಂಪಲ್ ಊರೂರು ಸುತ್ತಿದನು. ಕಾಮಗಾರಿಗಳ ಮೇಲಿದ್ದ ಸಾವಿರಾರು ಜನರನ್ನು ನೋಡಿ, ಅವರ ದೇಹಸ್ಥಿತಿ ಸಮಾಧಾನಕರವಾಗಿದೆ ಎಂದು ಬರೆದನು. ಕುದುರೆಯ ಮೇಲಿನಿಂದ ಜನಜಂಗುಳಿಯನ್ನು ನೋಡಿದಾಗ ಹಾಗೆ ಕಂಡಿದ್ದರೆ ಆಶ್ಚರ್ಯವೇನೂ ಇಲ್ಲ.

ಈ ವರದಿಯನ್ನು ಒಪ್ಪದವನು ಮದರಾಸು ಸರ್ಕಾರದ ಆರೋಗ್ಯ ಕಮಿಷನರಾಗಿದ್ದ ಡಾಕ್ಟರ್ ಕಾರ್ನಿಶ್. ಅವನ ವಾದ ವೈದ್ಯನ ವಾದ. ಹಸಿವು ಮನುಷ್ಯನನ್ನು ಒಂದೇ ದಿನದಲ್ಲಿ ಕೆಡವುವುದಿಲ್ಲ. ದೇಹವು ಮೊದಲು ತನ್ನ ಕೊಬ್ಬನ್ನೂ ಅನಂತರ ತನ್ನ ಮಾಂಸವನ್ನೂ ತಾನೇ ತಿಂದು ಕೆಲವು ವಾರಗಳವರೆಗೆ ನಿಲ್ಲುತ್ತದೆ. ಆ ಅವಧಿಯಲ್ಲಿ ನೋಡಿದವರಿಗೆ ಮನುಷ್ಯ ಬಡಕಲಾಗಿದ್ದಾನೆ, ಅಷ್ಟೇ ಎನಿಸುತ್ತದೆ. ಅನಂತರ ಆಮಶಂಕೆ, ಬಾವು, ಜ್ವರ ಯಾವುದೋ ಒಂದು ನೆಪವಾಗಿ ಅವನು ಸಾಯುತ್ತಾನೆ. ಸಾವಿನ ಪುಸ್ತಕದಲ್ಲಿ ರೋಗದ ಹೆಸರು ಬೀಳುತ್ತದೆ, ಹಸಿವಿನ ಹೆಸರು ಬೀಳುವುದಿಲ್ಲ. ಆದುದರಿಂದ ಕಣ್ಣಂದಾಜು ಸಾಲದು, ತೂಕ ಬೇಕು, ಮರಣದ ಲೆಕ್ಕ ಬೇಕು ಎಂದು ಅವನು ಹಟ ಹಿಡಿದನು. ಸೆರೆಮನೆಯ ಕೈದಿಗೆ ಸರ್ಕಾರವೇ ಕೊಡುವ ಆಹಾರಕ್ಕಿಂತ ಕಡಿಮೆಯಾದುದನ್ನು ಬಿಸಿಲಿನಲ್ಲಿ ಕಲ್ಲು ಹೊರುವವನಿಗೆ ಕೊಡಲಾಗುತ್ತಿದೆಯೆಂದು ತೋರಿಸಿಕೊಟ್ಟನು. ಅತ್ತ ಮುಂಬಯಿ ಪ್ರಾಂತದಲ್ಲಿ, ಅಂದು ಧಾರವಾಡ ಕಲಾದಗಿಗಳೂ ಅದಕ್ಕೇ ಸೇರಿದ್ದವು, ಕಡಿಮೆ ಕೂಲಿಯನ್ನು ಒಪ್ಪದೆ ಜನ ಕಾಮಗಾರಿಗಳನ್ನು ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆಯವರು ಜಿಲ್ಲೆಗಳಿಂದ ಸುದ್ದಿ ತರಿಸಿ, ಸರ್ಕಾರದ ವರದಿಗೆ ಎದುರಾಗಿ ತಮ್ಮ ವರದಿಗಳನ್ನು ಕಳುಹಿಸುತ್ತ ಬಂದರು. 1877ರ ಮೇ ತಿಂಗಳಲ್ಲಿ ಮದರಾಸು ಸರ್ಕಾರ ಒಂದು ಪೌಂಡಿನ ಕೂಲಿಯನ್ನು ಕೈಬಿಟ್ಟು ದರವನ್ನು ಏರಿಸಿತು. ಆ ನಾಲ್ಕು ತಿಂಗಳಲ್ಲಿ ಪ್ರಯೋಗಕ್ಕೆ ಒಳಗಾದವರಿಗೆ ಈ ತಿದ್ದುಪಡಿ ತಡವಾಗಿ ಬಂದಿತೆಂಬುದನ್ನು ಹೇಳಬೇಕಾಗಿಲ್ಲ.

ಮೈಸೂರಿನಲ್ಲಿ ಬೇರೊಂದು ಬಗೆಯ ಬದಲಾವಣೆ ನಡೆಯಿತು. ಇಲ್ಲಿ ಗಂಜಿಕೇಂದ್ರಗಳೇ ಪ್ರಧಾನವಾಗಿದ್ದವು. 1877ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿಟ್ಟನ್ ಮೈಸೂರಿಗೆ ಬಂದುಹೋದ ಮೇಲೆ ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿ ಸಂಸ್ಥಾನದ ಕ್ಷಾಮ ಕಮಿಷನರಾಗಿ ನೇಮಕವಾದನು. ಶಕ್ತರನ್ನು ಗಂಜಿಕೇಂದ್ರಗಳಿಂದ ದೊಡ್ಡ ಕಾಮಗಾರಿಗಳಿಗೆ ತಿರುಗಿಸುವುದು ಹೊಸ ನೀತಿಯಾಯಿತು. ಎಲಿಯಟ್‌ನ ನೀತಿಯೆಲ್ಲ ಸರಿಯಾಗಿತ್ತೇ ಎಂಬುದು ಬೇರೆ ಮಾತು. ಆದರೆ ಅವನು ಮಾಡಿದ ಒಂದು ಕೆಲಸ ಬಹುಕಾಲ ನಿಂತಿತು. ಮೈಸೂರಿನ ಬರದಲ್ಲಿ ನಡೆದುದನ್ನೆಲ್ಲ ಕಲೆಹಾಕಿ 1878ರಲ್ಲಿ ವಿಸ್ತಾರವಾದ ವರದಿಯೊಂದನ್ನು ಬರೆದನು. ಅದೇ ವರ್ಷ ನೇಮಕಗೊಂಡ ಭಾರತ ಕ್ಷಾಮ ಆಯೋಗಕ್ಕೆ ಅವನೇ ಕಾರ್ಯದರ್ಶಿಯಾದನು. 1880ರಲ್ಲಿ ಆಯೋಗ ವರದಿ ಒಪ್ಪಿಸಿತು. ಅದರಿಂದ ಹುಟ್ಟಿದುದೇ ಕ್ಷಾಮ ಸಂಹಿತೆ. ಮೈಸೂರಿನ ಹಳ್ಳಿಗಳ ಸಂಕಟ ಹೀಗೆ ಇಡೀ ದೇಶದ ಕಾನೂನಿನೊಳಗೆ ಸೇರಿಕೊಂಡಿತು.

ಸಂಹಿತೆಯ ಬಹುಭಾಗ ವರದಿಯನ್ನು ಕುರಿತದ್ದೇ ಆಗಿದೆ. ಬರ ಬಂದ ಮೇಲೆ ಬರೆಯುವ ವರದಿಯಲ್ಲ, ಬರುವ ಮೊದಲೇ ಬರೆಯಬೇಕಾದ ವರದಿ. ಧಾನ್ಯದ ಬೆಲೆ ಏರುತ್ತಿದೆಯೇ, ಸಾಹುಕಾರರು ಸಾಲ ಕೊಡುವುದನ್ನು ನಿಲ್ಲಿಸಿದ್ದಾರೆಯೇ, ಊರಿನವರು ಭಿಕ್ಷುಕರಿಗೆ ನೀಡುವುದು ಕಡಿಮೆಯಾಗಿದೆಯೇ, ಸಣ್ಣಪುಟ್ಟ ಕಳವುಗಳು ಹೆಚ್ಚಿವೆಯೇ, ಜನ ಗಂಟುಮೂಟೆ ಕಟ್ಟಿಕೊಂಡು ಅಲೆಯತೊಡಗಿದ್ದಾರೆಯೇ ಎಂಬುದನ್ನೆಲ್ಲ ಅಧಿಕಾರಿಗಳು ಗಮನಿಸುತ್ತಿರಬೇಕು. ಮೈಸೂರು ಸೀಮೆಯಲ್ಲಿ ಇಂಥ ಸುದ್ದಿ ಹಳ್ಳಿಯ ಶಾನುಭೋಗ ಪಟೇಲರಿಂದ ತಾಲ್ಲೂಕಿನ ಅಮಲ್ದಾರರಿಗೆ, ಅಲ್ಲಿಂದ ಜಿಲ್ಲೆಗೆ ಏರುತ್ತಿತ್ತು. ಶಾನುಭೋಗನ ಕಡತದ ಒಂದು ಗೆರೆ ತಪ್ಪಿದರೆ ಮೇಲಿನ ಲೆಕ್ಕವೆಲ್ಲ ತಪ್ಪುತ್ತಿತ್ತು. ಪರಿಹಾರ ಕಾರ್ಯ ಆರಂಭವಾದ ಮೇಲೆ ಕಾಮಗಾರಿಗಳ ಮೇಲೆ ಎಷ್ಟು ಜನ, ಉಚಿತ ನೆರವಿನಲ್ಲಿ ಎಷ್ಟು ಜನ, ಧಾನ್ಯದ ದರವೇನು ಎಂಬ ಪಟ್ಟಿಗಳು ಗೊತ್ತಾದ ನಮೂನೆಯಲ್ಲಿ ಕಾಲಕಾಲಕ್ಕೆ ಹೋಗಬೇಕು. ಕೂಲಿಯನ್ನು ದುಡ್ಡಿನಲ್ಲಿ ಗೊತ್ತುಮಾಡದೆ ಧಾನ್ಯದ ಅಳತೆಯಲ್ಲಿ ಗೊತ್ತುಮಾಡಿ, ಬೆಲೆ ಏರಿದಂತೆ ದುಡ್ಡನ್ನು ಏರಿಸಬೇಕೆಂಬ ನಿಯಮವೂ ಅದರಲ್ಲಿ ಬಂದಿತು. ಒಂದು ಪೌಂಡಿನ ಪಾಠವನ್ನು ಕಾನೂನು ಪೂರ್ತಿಯಾಗಿ ಮರೆತಿರಲಿಲ್ಲ.

ಪರೀಕ್ಷಾ ಕಾಮಗಾರಿ ಎಂಬ ಇನ್ನೊಂದು ಕ್ರಮವಿತ್ತು. ಬರವಿದೆಯೋ ಇಲ್ಲವೋ ಎಂಬ ಸಂದೇಹ ಬಂದಾಗ ಸರ್ಕಾರ ಒಂದೆಡೆ ಕಷ್ಟದ ಕೆಲಸವನ್ನೂ ಕಡಿಮೆ ಕೂಲಿಯನ್ನೂ ಇಟ್ಟು ನೋಡುತ್ತಿತ್ತು. ಇಷ್ಟಕ್ಕೂ ಜನ ಸಾಲುಗಟ್ಟಿ ಬಂದರೆ ಬರ ನಿಜವೆಂದು ತೀರ್ಮಾನ. ಯೋಚನೆ ಜಾಣತನದ್ದೇ. ಆದರೆ ಆ ಪರೀಕ್ಷೆಗೆ ಕಾಣದವರು ಬಹುಮಂದಿ ಇದ್ದರು. ಮುದುಕರು, ಬಾಣಂತಿಯರು, ಕುರುಡರು, ಮನೆಯ ಹೊಸಿಲು ದಾಟಿ ಕೂಲಿಗೆ ಹೋಗದ ಹೆಂಗಸರು, ನಡೆಯುವ ಶಕ್ತಿಯನ್ನು ಆಗಲೇ ಕಳೆದುಕೊಂಡವರು ಕಾಮಗಾರಿಗೆ ಬರುತ್ತಿರಲಿಲ್ಲ. ಬಾರದವರ ಹಸಿವು ಲೆಕ್ಕಕ್ಕೆ ಸಿಕ್ಕುತ್ತಿರಲಿಲ್ಲ. ಅಂಥವರ ಹೆಸರನ್ನು ಹಳ್ಳಿಯಲ್ಲಿಯೇ ಪಟ್ಟಿಮಾಡಬೇಕೆಂದು ಸಂಹಿತೆ ಹೇಳಿದ್ದು ಈ ಕೊರತೆಯನ್ನು ತುಂಬಲೆಂದೇ.

ಕಾಲ ಬದಲಾಯಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪಡಿತರ ಪದ್ಧತಿ ಬಂದು, ಸ್ವಾತಂತ್ರ್ಯಾನಂತರ ಅದು ನೆಲೆಯೂರಿತು. 1997ರಲ್ಲಿ ಬಡತನದ ರೇಖೆಯ ಕೆಳಗಿನವರಿಗೆ, ಮೇಲಿನವರಿಗೆ ಎಂದು ಪಡಿತರ ಎರಡಾಯಿತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಬಂದಿತು. ಕರ್ನಾಟಕದಲ್ಲಿ ಅದೇ ವರ್ಷದ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಯಿತು. ಕ್ಷಾಮ ಸಂಹಿತೆಗೂ ಈ ಕಾಯಿದೆಗೂ ಇರುವ ಅಂತರ ದೊಡ್ಡದು. ಅಲ್ಲಿ ಅನ್ನ ದೊರೆಯ ಕರುಣೆ. ಇಲ್ಲಿ ಅದು ಪ್ರಜೆಯ ಹಕ್ಕು. ಆದ್ಯತಾ ಕುಟುಂಬದ ಒಬ್ಬೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯವೆಂದು ಕಾಯಿದೆಯೇ ಅಳತೆಯನ್ನು ನಿಗದಿಮಾಡಿದೆ.

ವರದಿಯ ವಿಷಯದಲ್ಲಿಯೂ ಕಾಯಿದೆ ಮೌನವಾಗಿಲ್ಲ. ನ್ಯಾಯಬೆಲೆ ಅಂಗಡಿಯ ದಾಖಲೆಗಳು ಸಾರ್ವಜನಿಕರಿಗೆ ತೆರೆದಿರಬೇಕು. ಅಂಗಡಿಗಳ ಕೆಲಸವನ್ನು ಕಾಲಕಾಲಕ್ಕೆ ಸಾಮಾಜಿಕ ಲೆಕ್ಕಪರಿಶೋಧನೆಗೆ ಒಳಪಡಿಸಿ ಅದರ ಫಲವನ್ನು ಪ್ರಕಟಿಸಬೇಕು. ಅಂಗಡಿಯಿಂದ ಹಿಡಿದು ರಾಜ್ಯದವರೆಗೆ ಜಾಗೃತಿ ಸಮಿತಿಗಳಿರಬೇಕು. ಅವುಗಳಲ್ಲಿ ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ದಿಕ್ಕಿಲ್ಲದವರಿಗೂ ಅಂಗವಿಕಲರಿಗೂ ಸ್ಥಾನವಿರಬೇಕು. ತಪ್ಪು ಕಂಡಾಗ ಸಮಿತಿಯವರು ಜಿಲ್ಲೆಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ರಾಜ್ಯ ಆಹಾರ ಆಯೋಗದ ವಾರ್ಷಿಕ ವರದಿ ವಿಧಾನಮಂಡಲದ ಮುಂದೆ ಬರಬೇಕು. ಇವೆಲ್ಲವೂ ಇರುವ ಪದ್ಧತಿ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಕಣ್ಣುಗಳು. ಆದರೆ ಪದ್ಧತಿಯನ್ನೇ ಬದಲಾಯಿಸಲು ಹೊರಟಾಗ, ಅದನ್ನು ಎಲ್ಲೆಡೆ ಜಾರಿಗೆ ತರುವ ಮೊದಲು ಒಂದೆಡೆ ಪರೀಕ್ಷಿಸಿ, ಬದಲಾವಣೆಯಿಲ್ಲದ ಇನ್ನೊಂದೆಡೆಯೊಂದಿಗೆ ಹೋಲಿಸಿ ನೋಡಲೇಬೇಕೆಂದು ಈ ಕಾಯಿದೆ ಹೇಳುವುದಿಲ್ಲ. ಈ ತೆರವು ಸಣ್ಣದಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಬಡವರ ಆಹಾರ ನೆರವಿನ ಕಾನೂನು ಇಂಥ ಪ್ರಯೋಗಗಳಿಗೆಂದೇ ಒಂದು ವಿಧಿಯನ್ನು ಇರಿಸಿಕೊಂಡಿದೆ. ನಿಯಮ ಸಡಿಲಿಸಿ ಹೊಸದನ್ನು ಪ್ರಯೋಗಿಸಬಹುದು. ಆದರೆ ಮೌಲ್ಯಮಾಪನ ನಡೆಯಬೇಕು, ಅದರ ವರದಿ ಅಲ್ಲಿಯ ಸಂಸತ್ತಿಗೆ ಹೋಗಬೇಕು. ಜನರ ನೆರವನ್ನು ಗಣನೀಯವಾಗಿ ಕಡಿಮೆ ಮಾಡುವ ಪ್ರಯೋಗಗಳಿಗೆ ಕಾನೂನಿನಲ್ಲಿಯೇ ಕಟ್ಟುಗಳಿವೆ. ಅಲ್ಲಿಯ ಮ್ಯಾಸಚೂಸೆಟ್ಸ್ ಸಂಸ್ಥಾನದ ಹ್ಯಾಂಪ್ಡನ್ ಎಂಬ ಜಿಲ್ಲೆಯಲ್ಲಿ 2011 ಮತ್ತು 2012ರಲ್ಲಿ ನಡೆದ ಪರೀಕ್ಷೆ ಒಳ್ಳೆಯ ನಿದರ್ಶನ. ಹಣ್ಣು ತರಕಾರಿಗಳಿಗೆ ಖರ್ಚುಮಾಡಿದ ಪ್ರತಿ ಡಾಲರಿಗೆ 30 ಸೆಂಟುಗಳನ್ನು ಮರಳಿ ಕೊಟ್ಟರೆ ಬಡವರ ಊಟ ಸುಧಾರಿಸುವುದೇ ಎಂಬುದು ಪ್ರಶ್ನೆ. ನೆರವು ಪಡೆಯುತ್ತಿದ್ದ ಸುಮಾರು 55,000 ಕುಟುಂಬಗಳಲ್ಲಿ 7,500 ಕುಟುಂಬಗಳನ್ನು ಚೀಟಿ ಎತ್ತಿದಂತೆ ಆರಿಸಿ, ಉಳಿದವರೊಂದಿಗೆ ಹೋಲಿಸಿ ನೋಡಿದರು. ಆರಿಸಲ್ಪಟ್ಟವರು ಅಂಥ ಹಣ್ಣು ತರಕಾರಿಗಳನ್ನು ಶೇಕಡ 26ರಷ್ಟು ಹೆಚ್ಚು ತಿಂದರೆಂದು 2014ರಲ್ಲಿ ವರದಿ ಬಂದಿತು. ಇಲ್ಲಿ ಯಾರ ಪಡಿಯನ್ನೂ ಕಡಿಯಲಿಲ್ಲ. ಕೆಲವರಿಗೆ ಕೂಡಿಸಿ ನೋಡಿದರು. ಟೆಂಪಲ್ಲನ ಪ್ರಯೋಗಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವಿದು.

ನಮ್ಮ ದೇಶದಲ್ಲಿ ಧಾನ್ಯದ ಬದಲು ನಗದು ಕೊಡುವ ಪ್ರಯೋಗಕ್ಕೆ 2015ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಹೊರಡಿಸಿತು. ಆ ವರ್ಷದ ಸೆಪ್ಟೆಂಬರಿನಿಂದ ಚಂಡೀಗಢ ಮತ್ತು ಪುದುಚೇರಿಗಳಲ್ಲಿ, ಮರುವರ್ಷ ದಾದ್ರಾ ನಗರಹವೇಲಿಯ ಭಾಗವೊಂದರಲ್ಲಿ ಅದು ಜಾರಿಗೆ ಬಂದಿತು. ಸರ್ಕಾರದ ಕಡತದಲ್ಲಿ ನೋಡಿದರೆ ಹಣ ತಲುಪದೆ ಹಿಂದಿರುಗಿದ ಪ್ರಸಂಗಗಳು ಶೇಕಡ ಒಂದಕ್ಕಿಂತ ಕಡಿಮೆ. ಆದರೆ ನೀತಿ ಆಯೋಗಕ್ಕಾಗಿ ಅಧ್ಯಯನ ನಡೆಸಿದ ತಜ್ಞರು ಮನೆಗಳಿಗೆ ಹೋಗಿ ಕೇಳಿದರು. ಒಂದು ವರ್ಷ ಕಳೆದ ಮೇಲೆಯೂ ಐದರಲ್ಲಿ ಒಂದು ಪಾಲಿನಷ್ಟು ಜನ ತಮಗೆ ಹಣ ಬಂದಿಲ್ಲವೆಂದರು. ಎರಡು ಲೆಕ್ಕಗಳೂ ಸುಳ್ಳಲ್ಲ. ಹಣ ಯಾವುದೋ ಖಾತೆಗೆ ಹೋಗಿತ್ತು; ಆ ಖಾತೆ ಯಾವುದೆಂದು ಮನೆಯವರಿಗೆ ತಿಳಿದಿರಲಿಲ್ಲ, ಅಥವಾ ಅದರಿಂದ ಹಣ ತೆಗೆಯುವುದು ಸುಲಭವಾಗಿರಲಿಲ್ಲ. ಕಳುಹಿಸಿದುದನ್ನು ಕಳುಹಿಸಿದವರು ಎಣಿಸಿದರೆ ಒಂದು ಉತ್ತರ. ಪಡೆದುದನ್ನು ಪಡೆಯಬೇಕಾದವರು ಎಣಿಸಿದರೆ ಇನ್ನೊಂದು.

ಝಾರ್ಖಂಡದ ರಾಂಚಿ ಜಿಲ್ಲೆಯ ನಗ್ರಿ ಎಂಬಲ್ಲಿ 2017ರ ಅಕ್ಟೋಬರಿನಲ್ಲಿ ಇನ್ನೊಂದು ಬಗೆ ನಡೆಯಿತು. ಜನ ಮೊದಲು ಬ್ಯಾಂಕಿನಿಂದ ಸಹಾಯಧನ ತಂದು, ಅದರ ಮೇಲೆ ತಮ್ಮದೊಂದಿಷ್ಟು ಸೇರಿಸಿ, ಪಡಿತರ ಅಂಗಡಿಯಲ್ಲಿ ಕಿಲೋ ಒಂದಕ್ಕೆ 32 ರೂಪಾಯಿಯಂತೆ ಅಕ್ಕಿ ಕೊಳ್ಳಬೇಕಾಗಿತ್ತು. ಹಿಂದೆ ಒಂದು ರೂಪಾಯಿಗೆ ಸಿಗುತ್ತಿದ್ದುದು ಅದೇ ಅಕ್ಕಿ. ಕೂಲಿ ಬಿಟ್ಟು ಬ್ಯಾಂಕಿಗೆ, ಅಲ್ಲಿಂದ ಹಣ ಕೊಡುವ ಕೇಂದ್ರಕ್ಕೆ, ಕೊನೆಗೆ ಅಂಗಡಿಗೆ ಅಲೆಯುವುದರಲ್ಲಿ ದಿನಗಳು ಹೋದವು. ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇಕಡ 97 ಮಂದಿ ಹಳೆಯ ಪದ್ಧತಿಯೇ ಬೇಕೆಂದರು. 2018ರ ಆಗಸ್ಟಿನಲ್ಲಿ ಸರ್ಕಾರ ಪ್ರಯೋಗವನ್ನು ಹಿಂತೆಗೆದುಕೊಂಡಿತು.

ಕರ್ನಾಟಕದಲ್ಲಿ ಕ್ರಮವಾಗಿ ನಡೆದ ಪರೀಕ್ಷೆಯೊಂದನ್ನು ಇಲ್ಲಿ ಹೇಳಬೇಕು. ಶಾಲೆಯ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಬೇಕೇ ಬೇಡವೇ ಎಂಬ ವಿಚಾರದಲ್ಲಿ ವರ್ಷಗಟ್ಟಲೆ ಬಿಸಿಬಿಸಿ ಚರ್ಚೆ ನಡೆದಿತ್ತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಮಕ್ಕಳಿಗೆ ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲು ತೊಡಗಿದರು. ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ದೊರೆತ ಯಾದಗಿರಿಯ ಮಕ್ಕಳನ್ನೂ ದೊರೆಯದ ಗದಗದ ಮಕ್ಕಳನ್ನೂ ತೂಗಿ ಅಳೆದು ಹೋಲಿಸಿದರು. ಯಾದಗಿರಿಯ ಮಕ್ಕಳ, ಅದರಲ್ಲಿಯೂ ಮೇಲಿನ ತರಗತಿಯ ಹೆಣ್ಣುಮಕ್ಕಳ ತೂಕ ಎದ್ದುಕಾಣುವಂತೆ ಹೆಚ್ಚಿತ್ತು. 2022ರಲ್ಲಿ ಯೋಜನೆ ರಾಜ್ಯದ ಉಳಿದೆಡೆಗೂ ಬಂದಿತು. ಹೊಳಲ್ಕೆರೆ ಹೊಸದುರ್ಗಗಳ ಶಾಲೆಗಳ ತಟ್ಟೆಗೂ ಬಂದಿತು. ಕಾರ್ನಿಶ್ ಕೇಳಿದ್ದ ತೂಕದ ಲೆಕ್ಕವೇ ಇಲ್ಲಿ ವಾದವನ್ನು ತೀರಿಸಿತು. ಗದಗದ ಮಕ್ಕಳು ಆ ಕೆಲವು ತಿಂಗಳು ಮೊಟ್ಟೆಯಿಲ್ಲದೆ ಹೋಲಿಕೆಗೆ ನಿಂತರೆಂಬುದನ್ನು ಮರೆಯುವಂತಿಲ್ಲ. ಆದರೆ ಅವರಿಗೆ ಮೊದಲೇ ಇದ್ದ ಊಟದಲ್ಲಿ ಒಂದು ತುತ್ತೂ ಕಡಿಮೆಯಾಗಲಿಲ್ಲ.

ಅನಂತರದ ಬದಲಾವಣೆ ಇಷ್ಟು ಬಿಡುವಿನಿಂದ ಬರಲಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ತಲಾ 5 ಕಿಲೋ ಅಕ್ಕಿಯನ್ನು ಹೆಚ್ಚಿಗೆ ಕೊಡಲು ನಿಶ್ಚಯಿಸಿತು. ಕೇಂದ್ರದ ದಾಸ್ತಾನಿನಿಂದ ಅಕ್ಕಿ ಕೊಳ್ಳುವ ದಾರಿ ಮುಚ್ಚಿತು. ಅಕ್ಕಿ ಸಿಕ್ಕುವವರೆಗೆ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಕುಟುಂಬದ ಮುಖ್ಯಸ್ಥರ ಬ್ಯಾಂಕ್ ಖಾತೆಗೆ ಹಾಕುವುದೆಂದಾಯಿತು. ಜುಲೈ 10ರಂದು ಆರಂಭವಾದ ಈ ಕ್ರಮ 2025ರ ಆರಂಭದವರೆಗೂ ನಡೆದು, ಅನಂತರ ಅಕ್ಕಿಯೇ ಮರಳಿತು. ಇದನ್ನು ಯಾರೂ ಪ್ರಯೋಗವೆಂದು ಕರೆಯಲಿಲ್ಲ. ಆದರೂ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಇಡೀ ರಾಜ್ಯದಲ್ಲಿ ಅಕ್ಕಿಯ ಜಾಗದಲ್ಲಿ ಹಣವನ್ನಿಟ್ಟು ನೋಡಿದಂತಾಯಿತು.

ಆ ವರ್ಷವೇ ಮಳೆಯೂ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಚಿತ್ರದುರ್ಗದ ಬಯಲು ಅದಕ್ಕೆ ಹೊರತಾಗಿರಲಿಲ್ಲ. ಐದು ಜನರ ಮನೆಗೆ ತಿಂಗಳಿಗೆ 850 ರೂಪಾಯಿ ಬಂದಿತೆಂದರೆ ಅದು ಸಣ್ಣ ಮೊತ್ತವಲ್ಲ. ರಾಗಿ ಉಣ್ಣುವ ಮನೆ ಅದರಿಂದ ರಾಗಿಯನ್ನೇ ಕೊಂಡಿರಬಹುದು. ಎಣ್ಣೆ, ಬೇಳೆ, ಔಷಧ ತಂದಿರಬಹುದು. ಸಾಲದ ಕಂತಿಗೆ ಕಟ್ಟಿರಬಹುದು. ಆಧಾರ್ ಜೋಡಣೆಯಾಗದ ಖಾತೆಯವರಿಗೆ, ಖಾತೆಯೇ ಇಲ್ಲದವರಿಗೆ ಹಣ ಬರಲಿಲ್ಲ. ಎಷ್ಟು ಖಾತೆಗೆ ಎಷ್ಟು ಹಣ ಹೋಯಿತೆಂಬುದು ಕಂಪ್ಯೂಟರಿನಲ್ಲಿ ಪೈಸೆಯವರೆಗೆ ದಾಖಲಾಗಿದೆ. ಆ ಹಣ ಒಲೆಯ ಮೇಲಿನ ಪಾತ್ರೆಗೆ ಏನಾಗಿ ಬಂದಿತೆಂಬುದು ಬೇರೆ ಲೆಕ್ಕ; ಅದನ್ನು ಮನೆಯೊಳಗೆ ಹೋಗಿ ಕೇಳಿ ಬರೆಯಬೇಕು. ಅಕ್ಕಿ ಮರಳಿ ಬಂದಾಗ ಹಣವೇ ಇರಲಿ ಎಂದವರೂ ಇದ್ದರು, ಅಕ್ಕಿಯೇ ಲೇಸೆಂದವರೂ ಇದ್ದರು. ಹಿರಿಯೂರಿನ ಕಡೆಯ ಒಣಬೇಸಾಯದ ಮನೆಯೂ ಹೊಳಲ್ಕೆರೆಯ ಅಡಕೆ ತೋಟದ ಕೂಲಿಯವನ ಮನೆಯೂ ಒಂದೇ ಉತ್ತರ ಕೊಡಬೇಕೆಂದಿಲ್ಲ.

ತಿಂಗಳ ಪಡಿತರ ಬಂದ ದಿನ ಹಳ್ಳಿಯ ಸೊಸೈಟಿಯ ಮುಂದೆ ಸಾಲು ನಿಲ್ಲುತ್ತದೆ. ಯಂತ್ರದ ಮೇಲೆ ಹೆಬ್ಬೆಟ್ಟನ್ನು ಒತ್ತಿದೊಡನೆ ಆ ಕುಟುಂಬಕ್ಕೆ ಪಡಿ ಸಂದಿತೆಂಬ ಸುದ್ದಿ ಕ್ಷಣದಲ್ಲಿ ರಾಜಧಾನಿಗೆ ಮುಟ್ಟುತ್ತದೆ. ಹಿಂದೆ ಶಾನುಭೋಗನ ಕಡತ ಅಮಲ್ದಾರರ ಕಚೇರಿಗೆ ತಲುಪಲು ದಿನಗಳು ಬೇಕಾಗುತ್ತಿದ್ದವು. ಬದುಕೆಲ್ಲ ಮಣ್ಣು ಕೆದಕಿ ಬೆರಳಿನ ಗೆರೆಗಳು ಸವೆದುಹೋದ ಮುದುಕಿಯ ಹೆಬ್ಬೆಟ್ಟನ್ನು ಯಂತ್ರ ಒಮ್ಮೊಮ್ಮೆ ಗುರುತಿಸುವುದಿಲ್ಲ. ಎರಡು ಸಲ, ಮೂರು ಸಲ ಒರೆಸಿ ಒತ್ತಿ ನೋಡಿ, ಆಗದಿದ್ದರೆ ಅವಳು ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ. ಪಡೆದವರ ಲೆಕ್ಕವನ್ನು ಯಂತ್ರ ಬರೆದುಕೊಳ್ಳುತ್ತದೆ. ಪಕ್ಕಕ್ಕೆ ನಿಂತವಳ ಹೆಸರನ್ನು ಬರೆಯಬೇಕಾದುದು ಜಾಗೃತಿ ಸಮಿತಿಯ ಪುಸ್ತಕದಲ್ಲಿ. ಆ ಪುಸ್ತಕವನ್ನು ತೆಗೆದು ತೋರಿಸಿರೆಂದು ಕೇಳುವ ಹಕ್ಕು ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಉಂಟು.